ಬೆಲ್ಲದ ವಾಸನೆಯ ಸೀಸೆ

ಈಗ ಲ್ಯಾಬಿಗೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮೊದಲು ಕಲಿಯುವುದು ಯಂತ್ರದ ಯಾವ ಗುಂಡಿ ಯಾವುದಕ್ಕೆ ಎನ್ನುವುದನ್ನು. ನಾನು ಮೊದಲು ಕಲಿತದ್ದು ಮೂಸುವುದನ್ನು. ನಗಬೇಡಿ. ಎಪ್ಪತ್ತರ ದಶಕದಲ್ಲಿ ಸಾಗರದ ಆಸ್ಪತ್ರೆಯೊಂದರ ಲ್ಯಾಬಿಗೆ ನಾನು ಸೇರಿದಾಗ ಅಲ್ಲಿದ್ದ ಯಂತ್ರಗಳೆಂದರೆ ಕನ್ನಡಿ ಮಸುಕಾದ ಒಂದು ಮೈಕ್ರೋಸ್ಕೋಪು, ಕೈಯಲ್ಲಿ ತಿರುಗಿಸುವ ಒಂದು ಸೆಂಟ್ರಿಫ್ಯೂಜು, ಒಂದು ಸ್ಪಿರಿಟ್ ದೀಪ. ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದದ್ದು ನಮ್ಮ ಹಿರಿಯ ಟೆಕ್ನಿಷಿಯನ್ ಪರಮೇಶ್ವರಪ್ಪನವರ ಮೂಗು.

ಮೂತ್ರದ ಸೀಸೆ ಮೇಜಿನ ಮೇಲೆ ಬಂದರೆ ಅವರು ಮುಚ್ಚಳ ತೆಗೆದು, ಅಂಗೈಯಿಂದ ಗಾಳಿಯನ್ನು ತಮ್ಮ ಕಡೆ ಎಳೆದುಕೊಂಡು ಮೂಸುತ್ತಿದ್ದರು. ಹಣ್ಣಿನಂಥ ವಾಸನೆ ಬಂದರೆ ಸಕ್ಕರೆ ಕಾಯಿಲೆ ಮಿತಿಮೀರಿದೆ ಎಂದು ಅರ್ಥ. ಕೊಳೆತ ಮೀನಿನ ವಾಸನೆ ಬಂದರೆ ಸೋಂಕು, ಇಲ್ಲವೇ ತಂದವರು ನಿನ್ನೆಯದನ್ನು ಇವತ್ತು ತಂದಿದ್ದಾರೆ. ನಾನು ಮೊದಲ ವಾರ ಕರವಸ್ತ್ರ ಕಟ್ಟಿಕೊಂಡು ಕೂತೆ. ಅವರು ಅದನ್ನು ಬಿಚ್ಚಿಸಿ ಜೇಬಿಗೆ ತುರುಕಿದರು.

"ಮೂಗು ಮುಚ್ಕಂಡು ಮಾಡೋ ಕೆಲ್ಸ ಅಲ್ಲ ಮಾರಾಯ ಇದು. ಹಂಗಿದ್ರೆ ಅಂಚೆ ಕಚೇರಿಗೆ ಸೇರ್ಕಳದಿತ್ತು."

ಸಕ್ಕರೆ ನೋಡಲು ಬೆನೆಡಿಕ್ಟ್ ದ್ರಾವಣ ಇತ್ತು. ತಿಳಿ ನೀಲಿ ಬಣ್ಣದ್ದು. ಟ್ಯೂಬಿಗೆ ಅದನ್ನು ಹಾಕಿ, ಕೆಲವು ಹನಿ ಮೂತ್ರ ಬಿಟ್ಟು ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಹೆಂಚಿನ ಕೆಂಪು. ದಿನವಿಡೀ ಆ ಬಣ್ಣಗಳ ಮುಂದೆ ಕೂತು ನನಗೆ ಆಕಾಶ ನೀಲಿಯಾಗಿದ್ದರೂ ಸಮಾಧಾನವಾಗುತ್ತಿತ್ತು.

ನಮ್ಮ ದೊಡ್ಡ ಶತ್ರು ರೋಗವಲ್ಲ, ಸೀಸೆ. ಆಸ್ಪತ್ರೆಯಲ್ಲಿ ಕೊಡಲು ಡಬ್ಬಿ ಇರಲಿಲ್ಲ, ಮನೆಯಿಂದಲೇ ತರಬೇಕು. ಅರಿಷ್ಟದ ಸೀಸೆ, ತಲೆಗೆ ಹಚ್ಚುವ ಎಣ್ಣೆಯ ಸೀಸೆ, ಬ್ರಾಂದಿಯ ಕ್ವಾರ್ಟರು, ಎಲ್ಲವೂ ಬರುತ್ತಿದ್ದವು. ಎಲ್ಲಕ್ಕಿಂತ ಅಪಾಯಕಾರಿ ಜೋನಿಬೆಲ್ಲದ ಸೀಸೆ. ಹೊರಗಿನವರಿಗೆ ಹೇಳುವುದಾದರೆ, ಕಬ್ಬಿನ ರಸವನ್ನು ಅಚ್ಚು ಹೊಯ್ಯುವಷ್ಟು ಗಟ್ಟಿ ಮಾಡದೆ ಜೇನಿನ ಹದದಲ್ಲಿ ಇಳಿಸಿದ ಬೆಲ್ಲ ಅದು. ನಮ್ಮ ಕಡೆ ಅದಿಲ್ಲದೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟು ತೊಳೆದರೂ ಸೀಸೆಯ ತಳದ ಮೂಲೆಯಲ್ಲಿ ಒಂದು ಗೆರೆ ಉಳಿದೇ ಇರುತ್ತದೆ.

ಆ ಗೆರೆಯಿಂದ ಒಬ್ಬ ಜಮೀನುದಾರರು ತಮ್ಮ ಮಗಳ ಮದುವೆಯಲ್ಲಿ ಹೋಳಿಗೆ ಮುಟ್ಟದೆ ಎದ್ದಿದ್ದರು. ನಾನೇ ಟ್ಯೂಬು ಕಾಯಿಸಿದ್ದು, ಕೆಂಪೋ ಕೆಂಪು. ಮದುವೆ ಮುಗಿಸಿ, ಸೊರಗಿದ ಮುಖ ಹೊತ್ತು ಮತ್ತೆ ಬಂದರು. ಈ ಸಲ ಪರಮೇಶ್ವರಪ್ಪನವರು ಸೀಸೆ ಮೂಸಿ, ಅದನ್ನು ಪಕ್ಕಕ್ಕಿಟ್ಟು, ಆಸ್ಪತ್ರೆಯ ಗಾಜಿನ ಲೋಟ ಕೊಟ್ಟು ಕಳಿಸಿದರು. ಟ್ಯೂಬು ನೀಲಿಯಾಗಿಯೇ ಉಳಿಯಿತು. "ನಿಮ್ಗೆ ಸಕ್ರೆ ಕಾಯ್ಲೆ ಇಲ್ಲ ಗೌಡ್ರೆ, ನಿಮ್ಮ ಬಾಟ್ಲಿಗಿದೆ," ಎಂದರು. ಗೌಡರು ನನ್ನ ಕಡೆ ತಿರುಗಿ, "ಹೋಳಿಗೆ ಎಂತ, ಇನ್ನೊಂದು ಸಲ ಮಾಡ್ಸಬಹುದು. ಮದ್ವೆ ಇನ್ನೊಂದು ಸಲ ಮಾಡಕಾಗ್ತದಾ?" ಎಂದು ಕೇಳಿದರು. ಅಂದಿನಿಂದ ಜೋನಿಬೆಲ್ಲದ ವಾಸನೆ ಬಂದ ಸೀಸೆಯನ್ನು ನಾನು ಕಾಯಿಸುವ ಮೊದಲೇ ಬೈದು ಕಳಿಸುವವನಾದೆ.

ಎಂಬತ್ತರ ದಶಕದ ಶುರುವಿನಲ್ಲಿ ಹೊಸನಗರ ತಾಲೂಕಿಗೆ ವರ್ಗವಾಯಿತು. ವಾರಾಹಿ ವಿದ್ಯುತ್ ಯೋಜನೆಯ ಕೆಲಸದವರು ಮಾಸ್ತಿಕಟ್ಟೆಯಿಂದ ಜ್ವರ ಹೊತ್ತು ಬರುತ್ತಿದ್ದರು. ಮಲೇರಿಯಾ ನೋಡುವ ರಕ್ತದ ಗಾಜುಗಳು ಮೇಜಿನ ಮೇಲೆ ರಾಶಿ. ಬಸ್ಸು ತಪ್ಪಿದರೆ ರೋಗಿಯೂ ಇಲ್ಲ, ಔಷಧಿಯೂ ಇಲ್ಲ ಎನ್ನುವಂಥ ಊರು. ಅಲ್ಲಿ ನನಗೆ ಸಿಕ್ಕಿದ್ದು ವಿಮಲಾ ಡಾಕ್ಟರು.

ಮೈಸೂರು ಕಡೆಯವರು, ನನಗಿಂತ ಚಿಕ್ಕವರು. ನಾನು ಕಂಡ ಮೇಲಧಿಕಾರಿಗಳಲ್ಲಿ ಇಬ್ಬರು ಮೂವರು ಒಳ್ಳೆಯವರಿದ್ದರು, ನಾಲ್ಕೈದು ಜನ ಬುದ್ಧಿವಂತರಿದ್ದರು. ಎರಡೂ ಆಗಿದ್ದವರು ಇವರೊಬ್ಬರೇ. ಉಳಿದ ಡಾಕ್ಟರುಗಳು ಲ್ಯಾಬಿಗೆ ಚೀಟಿ ಕಳಿಸುತ್ತಿದ್ದರು, ಇವರು ತಾವೇ ಬರುತ್ತಿದ್ದರು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಓದಿ ಹೇಳ್ತೀನಿ" ಎನ್ನುತ್ತಿದ್ದರು. ಓದಿ ಬಂದು ಹೇಳುತ್ತಲೂ ಇದ್ದರು. ಬಸ್ಸಿನಲ್ಲಿ ಬರುವ ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಊಟದ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ. ಅವರ ಜತೆ ಕೆಲಸ ಮಾಡಿದ ವರ್ಷಗಳು ನನ್ನ ನೌಕರಿಯ ತಿರುಳು. ಉಳಿದದ್ದು ಸಿಪ್ಪೆ ಎಂದರೂ ನನಗೆ ಬೇಸರವಿಲ್ಲ.

ಒಂದು ಬೆಳಿಗ್ಗೆ ನಗರ ಎಂಬ ಹತ್ತಿರದ ಊರಿನ ಕಡೆಯಿಂದ ಒಂದು ಮನೆಯವರು ಬಂದರು. ಚಿನ್ನಮ್ಮ ಎಂಬ ಅಜ್ಜಿ, ಅವರ ಸೊಸೆ ಸುಜಾತ, ಸುಜಾತಳ ಮಡಿಲಲ್ಲಿ ಇನ್ನೂ ವರ್ಷ ತುಂಬದ ಹೆಣ್ಣು ಮಗು ಮಂಗಳಾ. ಮಗುವಿಗೆ ನೆಗಡಿ ಜ್ವರ ಬಂದು, ಅದು ಇಳಿಯುವ ಹೊತ್ತಿಗೆ ಮಂಪರು ಹತ್ತಿತ್ತು. ಕತ್ತು ನಿಲ್ಲುತ್ತಿರಲಿಲ್ಲ. ಡಾಕ್ಟರು ಮಗುವನ್ನು ಒಳಗೆ ಮಲಗಿಸಿ, ಮೂತ್ರ ಪರೀಕ್ಷೆಗೆ ಹೇಳಿದರಂತೆ. ಚಿನ್ನಮ್ಮ ಆಗಲೇ ಸಿದ್ಧರಾಗಿ ಬಂದಿದ್ದರು. ಸೆರಗಿನ ಒಳಗಿಂದ ಒಂದು ಸೀಸೆ ತೆಗೆದು ನನ್ನ ಮೇಜಿನ ಮೇಲೆ ಕುಟ್ಟಿದರು. ನಾನು ಮುಚ್ಚಳ ತೆಗೆದೆ. ಜೋನಿಬೆಲ್ಲ! ಅದೂ ಪಾಕ ಏರಿ ತಳ ಹತ್ತಿದ ಜೋನಿಬೆಲ್ಲ.

"ಅಮ್ಮ, ಬೆಲ್ಲದ ಸೀಸೆಯಲ್ಲಿ ತರಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆಲ್ಲ?" ಎಂದು ಶುರು ಮಾಡಿದೆ.

"ಬೆಲ್ಲದ ಬಾಟ್ಲಿ ಅಲ್ಲ ಅದು! ಬಿಸಿನೀರಾಗೆ ಕುದ್ಸಿ ತಂದೀನಿ. ನಾರೋದು ಬಾಟ್ಲಿ ಅಲ್ಲ, ಮಗು ಉಚ್ಚೆ. ನೀವೇ ಮೂಸಿದ್ರಲ್ಲ, ಈಗ ಬರ್ದು ಕೊಡಿ," ಎಂದರು ಅಜ್ಜಿ.

"ಏನಂತ ಬರೆಯಲಿ?"

"ಇವ್ಳು ಕದ್ದು ಜೋನಿಬೆಲ್ಲ ತಿಂತಾಳೆ ಅಂತ."

ಬಾಗಿಲ ಬಳಿ ನಿಂತಿದ್ದ ಸುಜಾತ ಮುಖ ಎತ್ತಲಿಲ್ಲ. ಅಜ್ಜಿ ಉಸಿರು ಬಿಡದೆ ಹೇಳಿದ್ದನ್ನು ಜೋಡಿಸಿದರೆ ಕತೆ ಇಷ್ಟು. ಮಂಗಳಾಳಿಗಿಂತ ಮೊದಲು ಸುಜಾತಳಿಗೆ ಎರಡು ಮಕ್ಕಳಾಗಿದ್ದವು. ಎರಡೂ ನಡೆಯಲು ಕಲಿಯುವ ಮುಂಚೆಯೇ, ಸಣ್ಣ ಜ್ವರದ ಹಿಂದೆ ಮಂಪರು ಬಂದು ತೀರಿಕೊಂಡವು. ಆಗಲೂ ಬಟ್ಟೆ ಹೀಗೇ ಬೆಲ್ಲ ನಾರುತ್ತಿತ್ತು. ಹಾಲು ಕುಡಿಸುವ ಬಾಣಂತಿಗೆ ಜೋನಿಬೆಲ್ಲ ಉಷ್ಣ, ತಿನ್ನಬಾರದು ಎಂದು ಆ ಮನೆಯ ಪಥ್ಯ. ಮನೆಯಲ್ಲೇ ಆಲೆಮನೆ, ಅಟ್ಟದ ಮೇಲೆ ಡಬ್ಬಿಗಟ್ಟಲೆ ಬೆಲ್ಲ. ಸೊಸೆ ಕದ್ದು ತಿಂದಳು, ಹಾಲು ಬೆಲ್ಲವಾಯಿತು, ಮಕ್ಕಳು ಸತ್ತವು ಎಂದು ಅಜ್ಜಿ ತೀರ್ಮಾನಿಸಿದ್ದರು. ಈ ಮಗುವೂ ಹೋದರೆ ಸುಜಾತಳನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುವುದೆಂದು ಮಾತೂ ಆಗಿತ್ತು.

"ದೇವ್ರಾಣೆಗೂ ನಾ ಮುಟ್ಟಿಲ್ಲ ಅಣ್ಣ. ಬಾಣಂತಿ ಅಲ್ದಾಗ್ಲೂ ಮುಟ್ಟಿಲ್ಲ," ಎಂದಳು ಸುಜಾತ. ಅಷ್ಟೇ ಅವಳು ಆಡಿದ ಮಾತು.

ಅಜ್ಜಿಯ ಬಾಯಿ ಮುಚ್ಚಿಸುವ ಆಸೆ ನನಗೆ. ಸೀಸೆಯೇ ತಪ್ಪು ಎಂದು ತೋರಿಸಿಬಿಡೋಣ, ಟ್ಯೂಬು ಕೆಂಪಗಾದರೆ ಸೀಸೆಯ ಬೆಲ್ಲ ಎಂದು ಹೇಳೋಣ ಎಂದುಕೊಂಡು ದೀಪ ಹಚ್ಚಿದೆ. ದ್ರಾವಣ ಕುದಿಯಿತು. ನೀಲಿ. ಇನ್ನಷ್ಟು ಕಾಯಿಸಿದೆ. ನೀಲಿಯೇ. ಅಷ್ಟು ಗಾಢವಾಗಿ ಬೆಲ್ಲ ನಾರುವ ಮೂತ್ರದಲ್ಲಿ ಸಕ್ಕರೆಯ ಒಂದು ಎಳೆಯೂ ಇರಲಿಲ್ಲ. ಸೀಸೆಯಲ್ಲಿ ಬೆಲ್ಲ ಇಲ್ಲ, ಮಗುವಿನಲ್ಲೂ ಬೆಲ್ಲ ಇಲ್ಲ, ವಾಸನೆ ಮಾತ್ರ ಇದೆ. ಇಷ್ಟು ವರ್ಷದಲ್ಲಿ ನನ್ನ ಮೂಗೂ ಟ್ಯೂಬೂ ಜಗಳವಾಡಿದ್ದು ಅದೇ ಮೊದಲು.

ನಾನು ಆ ಟ್ಯೂಬು, ಸೀಸೆ ಎರಡನ್ನೂ ಹಿಡಿದು ವಿಮಲಾ ಡಾಕ್ಟರ ಹತ್ತಿರ ಓಡಿದೆ. ಅವರು ಮೂಸಿದರು. ನೀಲಿಯನ್ನು ನೋಡಿದರು. ಅಜ್ಜಿಯನ್ನು ಕರೆದು ಕೇಳಿದರು, "ಅಮ್ಮ, ಇದು ಎಂಥಾ ಬೆಲ್ಲದ ವಾಸನೆ? ಸರಿಯಾಗಿ ಹೇಳಿ."

"ಕಬ್ಬಿನ ರಸ ಕೊಪ್ರಿಗೇಲಿ ಕುದೀತಾ ಇರ್ತದಲ್ಲ, ಒಂಚೂರು ಜಾಸ್ತಿ ಆದ್ರೆ ತಳ ಹತ್ತದು. ಆ ವಾಸ್ನೆ," ಎಂದರು ಚಿನ್ನಮ್ಮ.

ಡಾಕ್ಟರು ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಎಳೆದು ಹಾಳೆ ತಿರುವಿದರು. "ಮೇಪಲ್ ಸಿರಪ್ ಅಂತ ಓದಿದ್ದೆ ರೀ. ಮೂತ್ರಕ್ಕೆ ಆ ವಾಸನೆ ಬರೋ ಒಂದು ಕಾಯಿಲೆ ಅಂತ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಮೇಪಲ್ ಅಂದ್ರೇನು ಅಂತ ನಾನೂ ನೋಡಿಲ್ಲ, ಪಾಠ ಹೇಳಿದ ನಮ್ಮ ಮೇಷ್ಟ್ರೂ ನೋಡಿಲ್ಲ. ಅಮೆರಿಕಾದ ಕಡೆ ಯಾವುದೋ ಮರದ ರಸ ಕಾಯಿಸಿ ಪಾಕ ಮಾಡ್ತಾರಂತೆ." ಅವರು ನನ್ನನ್ನು ನೋಡಿದರು, ನಾನು ಅಜ್ಜಿಯನ್ನು ನೋಡಿದೆ. ರಸ ಕಾಯಿಸಿ ಮಾಡಿದ ಪಾಕ. ಅವರ ದೇಶದ ಜೋನಿಬೆಲ್ಲ!

ನಾನು ಸೀಸೆಯನ್ನು ಮತ್ತೊಮ್ಮೆ ಮೂಸಿದೆ. ಈಗ ಬರೆಯುವಾಗಲೂ ಆ ವಾಸನೆ ಮೂಗಿಗೆ ಬಡಿಯುತ್ತದೆ.

ಅವರು ತಡಮಾಡಲಿಲ್ಲ. ಖಾತ್ರಿಯಾಗುವವರೆಗೆ ಕಾಯುತ್ತ ಕೂತರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮಗುವಿಗೆ ಗ್ಲೂಕೋಸ್ ಡ್ರಿಪ್ ಹಾಕಿದರು. ಹಾಲು ಸದ್ಯಕ್ಕೆ ನಿಲ್ಲಿಸಿ, ಎಚ್ಚರವಾದ ಕೂಡಲೇ ಸಕ್ಕರೆ ನೀರು, ಗಂಜಿ ತಿಳಿ ಕೊಡಿ ಎಂದರು.

"ಸಕ್ರೆನಾ?" ಅಜ್ಜಿ ಕಂಗಾಲಾದರು. "ಸಿಹಿಯಿಂದ್ಲೇ ಎರಡು ಹೋದ್ವಲ್ಲ ತಾಯಿ!"

"ಸಿಹಿಯಿಂದ ಅಲ್ಲಮ್ಮ. ಈ ಮಗುವಿಗೆ ಸಿಹಿಯೇ ಈಗ ಔಷಧಿ."

ನನ್ನನ್ನು ಮಧ್ಯಾಹ್ನದ ಬಸ್ಸಿಗೆ ಸಾಗರಕ್ಕೆ ಅಟ್ಟಿದರು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಒಂದು ಹಳದಿ ದ್ರಾವಣ ಸಿಗುತ್ತದೆ, ಡಿ.ಎನ್.ಪಿ. ಎಂದು ಹೇಳಿ ಕೇಳಿ ತರಬೇಕು. ಅಲ್ಲಿನ ಉಪನ್ಯಾಸಕರು "ಮೂತ್ರಕ್ಕೆ ಇದ್ಯಾಕ್ರೀ?" ಎಂದು ಹುಬ್ಬೇರಿಸಿದರೂ ಒಂದು ಸಣ್ಣ ಸೀಸೆ ತುಂಬಿಸಿ ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದವರು ದೇವರ ತೀರ್ಥ ಎಂದುಕೊಂಡು ಸ್ವಲ್ಪ ಜಾಗ ಬಿಟ್ಟರು.

ಮರುದಿನ ಬೆಳಿಗ್ಗೆ ಎರಡು ಟ್ಯೂಬು ಇಟ್ಟೆವು. ಒಂದರಲ್ಲಿ ಮಂಗಳಾಳ ಮೂತ್ರ, ಹೋಲಿಸಿ ನೋಡಲು ಇನ್ನೊಂದರಲ್ಲಿ ನನ್ನದು. ಹಳದಿ ದ್ರಾವಣ ಬಿಟ್ಟಾಗ ನನ್ನ ಟ್ಯೂಬು ತಿಳಿಯಾಗಿಯೇ ಇತ್ತು. ಮಗುವಿನದು ಹಾಲು ಒಡೆದಂತೆ ಒಡೆದು ಹಳದಿ ಗಷ್ಟು ತಳಕ್ಕಿಳಿಯಿತು. ಬೇರೆ ಕಾರಣಕ್ಕೂ ಹೀಗಾಗಬಹುದು, ಇದು ಅನುಮಾನ ಗಟ್ಟಿಯಾಗಲು ಮಾತ್ರ ಎಂದು ಡಾಕ್ಟರು ಎಚ್ಚರಿಸಿದರು. ಮೂತ್ರದಲ್ಲಿ ಅದ್ದಿ ಒಣಗಿಸಿದ ಸೋಸು ಕಾಗದವನ್ನು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಅಂಚೆಯಲ್ಲಿ ಕಳಿಸಿದೆವು. ಕೆಲವು ವಾರದ ಮೇಲೆ ಅವರೂ ಹೌದು ಎಂದರು. ಅಷ್ಟರಲ್ಲಿ ಮಂಗಳಾ ಕಣ್ಣು ಬಿಟ್ಟು, ಡ್ರಿಪ್ಪಿನ ನಳಿಗೆ ಕೈಹಾಕಿ ಎಳೆದು, ನರ್ಸಮ್ಮನಿಂದ ಬೈಸಿಕೊಂಡೂ ಆಗಿತ್ತು. ಅವಳ ಪುಣ್ಯಕ್ಕೆ ಈ ಕಾಯಿಲೆಯಲ್ಲಿ ಅವಳದ್ದು ಸೌಮ್ಯವಾದ ಬಗೆ. ಜ್ವರವೋ ಉಪವಾಸವೋ ಬಂದಾಗ ಮಾತ್ರ ಹೆಡೆ ಎತ್ತುವಂಥದ್ದು. ಒಂದು ಬಿ ವಿಟಮಿನ್ ಮಾತ್ರೆಯೂ ಅವಳಿಗೆ ನಾಟಿತು. ಎಲ್ಲ ಮಕ್ಕಳಿಗೂ ನಾಟುವುದಿಲ್ಲವಂತೆ.

ಮನೆಗೆ ಕಳಿಸುವ ದಿನ ವಿಮಲಾ ಡಾಕ್ಟರು ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡರು. "ಹಾಲು, ಬೇಳೆಯಲ್ಲಿ ಒಂದು ಸತ್ವ ಇದೆ. ನಮಗೆಲ್ಲ ಅದು ಅರಗುತ್ತೆ, ಈ ಮಗುವಿಗೆ ಪೂರ್ತಿ ಅರಗಲ್ಲ. ಅರಗದೆ ಉಳಿದದ್ದು ಹೀಗೆ ವಾಸನೆ ಬರುತ್ತೆ. ಜ್ವರದಲ್ಲಿ ಹೊಟ್ಟೆ ಖಾಲಿ ಇದ್ರೆ ಮೈ ತನ್ನನ್ನೇ ಕರಗಿಸಿ ಅದೇ ಸತ್ವ ಇನ್ನಷ್ಟು ಹೆಚ್ಚಿಸುತ್ತೆ, ಸಿಹಿ ಕೊಟ್ರೆ ಅದು ನಿಲ್ಲುತ್ತೆ. ಯಾವ ತಾಯಿ ಹಾಲು ಕೊಟ್ಟಿದ್ರೂ ಇಷ್ಟೇ. ಸುಜಾತ ಬೆಲ್ಲ ತಿಂದದ್ದಕ್ಕಲ್ಲ, ತಿನ್ನದೇ ಇದ್ದದ್ದಕ್ಕೂ ಅಲ್ಲ. ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು ಸೇರಿದ್ರೆ ಮಾತ್ರ ಈ ಕಾಯಿಲೆ. ಮಗ ಸೊಸೆ ಸಂಬಂಧದಲ್ಲಾ?"

ಸುಜಾತ ಚಿನ್ನಮ್ಮನವರ ಸ್ವಂತ ಅಣ್ಣನ ಮಗಳು. ಅಜ್ಜಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹಂಗಾರೆ ನನ್ನ ತವರಿಂದ್ಲೇ ಬಂದಿದ್ದಾ?"

"ಬಂದಿರಬಹುದು. ಯಾರ ತಪ್ಪೂ ಅಲ್ಲಮ್ಮ."

ಚಿನ್ನಮ್ಮ ಎದ್ದರು. ಸೊಸೆಯ ಕೈಯಿಂದ ಮಗುವನ್ನು ತೆಗೆದುಕೊಂಡು, ಚೀಲಗಳನ್ನೂ ತಾವೇ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕ್ಷಮಿಸು ಎನ್ನುವ ಪದ ಆ ಕಾಲದ ಅತ್ತೆಯರ ಬಾಯಲ್ಲಿ ಇರಲಿಲ್ಲ. ಆದರೆ ಸುಜಾತ ಅಂದು ಬರಿಗೈಯಲ್ಲಿ ನಡೆದುಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಡಾಕ್ಟರು ಅಜ್ಜಿಗೇ ಒಂದು ಕೆಲಸ ವಹಿಸಿದ್ದರು. ದಿನಾ ಬೆಳಿಗ್ಗೆ ಮಗುವಿನ ಒದ್ದೆ ಬಟ್ಟೆ ಮೂಸುವುದು. ಬೆಲ್ಲದ ವಾಸನೆ ಬಂದರೆ ಆ ಕ್ಷಣವೇ ಹಾಲು ಬೇಳೆ ನಿಲ್ಲಿಸಿ, ಸಕ್ಕರೆ ಗಂಜಿ ಕೊಟ್ಟು, ಸಿಕ್ಕ ಬಸ್ಸಿಗೆ ಹತ್ತಿ ಬರುವುದು. ಚಿನ್ನಮ್ಮ ಹಾಗೇ ಎರಡು ಮೂರು ಸಲ ಬಂದರು, ಪ್ರತಿ ಸಲವೂ ಮಂಪರು ಹತ್ತುವ ಮೊದಲೇ. ನನ್ನ ಮೂಗಿಗೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲ.

ಮುಂದೆ ಒಂದು ಚಳಿಗಾಲ ಮಲೇರಿಯಾ ಸರ್ವೆಗೆ ಆ ಕಡೆ ಹೋದಾಗ ಅವರ ಮನೆಗೆ ತಿಂಡಿಗೆ ಕರೆದರು. ಬಿಸಿ ದೋಸೆ ಬಂತು, ಕಾಯಿ ಚಟ್ನಿ ಬಂತು. ನಾನು ಅಭ್ಯಾಸ ಬಲದಿಂದ "ಜೋನಿಬೆಲ್ಲ ಒಂಚೂರು" ಎಂದೆ. ಸುಜಾತ ತಲೆ ತಗ್ಗಿಸಿದಳು. ಅಟ್ಟದ ಮೇಲೆ ಒಂದು ಡಬ್ಬಿಯೂ ಕಾಣಲಿಲ್ಲ. ಕಬ್ಬು ಕಡಿಯುವ ಕಾಲ, ಆದರೆ ಅಂಗಳದ ಆಚೆ ಆಲೆಮನೆಯ ಒಲೆಯೂ ಉರಿಯುತ್ತಿರಲಿಲ್ಲ.

"ಕಬ್ಬೆಲ್ಲ ಹೊಳೆ ಆಚೆ ಮನೆಯೋರಿಗೆ ಕೊಟ್ವಿ," ಎಂದರು ಚಿನ್ನಮ್ಮ. "ಒಂದು ತುಣುಕು ಬೆಲ್ಲನೂ ಈ ಹೊಸ್ತಿಲು ದಾಟಿಸಲ್ಲ. ಮನೆ ತುಂಬ ಬೆಲ್ಲ ನಾರ್ತಿದ್ರೆ ಮಗು ನಾರೋದು ಹೆಂಗೆ ಗೊತ್ತಾಗದು? ಊರೋರು ಜಿಪುಣರು ಅಂತಾರೆ. ಅಂದ್ಕಳ್ಲಿ."

ನಾನು ಎಷ್ಟೋ ದೊಡ್ಡ ಲ್ಯಾಬುಗಳನ್ನು ಆಮೇಲೆ ನೋಡಿದ್ದೇನೆ. ಪರೀಕ್ಷೆಗೆ ಜಾಗವನ್ನು ಅಷ್ಟು ಶುದ್ಧವಾಗಿ ಇಟ್ಟುಕೊಂಡವರನ್ನು ಕಂಡಿಲ್ಲ.

ಮುಂದೆ ತೀರ್ಥಹಳ್ಳಿಗೆ ವರ್ಗವಾಯಿತು. ಅಷ್ಟರಲ್ಲಿ ಕಾಗದದ ಪಟ್ಟಿಗಳು ಬಂದವು. ಅದ್ದಿ ತೆಗೆದರೆ ಬಣ್ಣ. ದೀಪ ಬೇಡ, ಕಾಯಿಸುವುದೂ ಬೇಡ. ಪ್ಲಾಸ್ಟಿಕ್ ಡಬ್ಬಿಗಳೂ ಬಂದವು, ನನ್ನ ಶತ್ರು ಸೀಸೆಗಳು ಸೋತವು. ಹೊಸದಾಗಿ ಬಂದವರು ನಾನು ಮೂಸುವುದನ್ನು ಕಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಮೂಸುವುದನ್ನು ಬಿಡಲಿಲ್ಲ.

ನಿವೃತ್ತಿಯಾಗಿ ಎಷ್ಟೋ ಕಾಲದ ನಂತರ ನನ್ನ ತಂಗಿಯ ಮೊಮ್ಮಗಳು ರೂಪಾ ತಾನು ಕೆಲಸ ಮಾಡುವ ಲ್ಯಾಬಿಗೆ ನನ್ನನ್ನು ಕರೆದುಕೊಂಡು ಹೋದಳು. ಬೀರುವಿನಷ್ಟು ದೊಡ್ಡ ಯಂತ್ರ. ಒಂದು ಹನಿ ರಕ್ತವನ್ನೋ ಮೂತ್ರವನ್ನೋ ಕೊಟ್ಟರೆ ಅದರಲ್ಲಿರುವ ನೂರಾರು ಸಣ್ಣ ಪದಾರ್ಥಗಳನ್ನು ಒಟ್ಟಿಗೆ ತೂಗಿ ಗೆರೆ ಎಳೆದು ತೋರಿಸುತ್ತದೆ. ಉಂಡದ್ದು ಮೈಯಲ್ಲಿ ಅರಗುವಾಗ ಹುಟ್ಟುವ ಪದಾರ್ಥಗಳವು. ಮೆಟಬಾಲೋಮಿಕ್ಸ್ ಎನ್ನುತ್ತಾರೆ.

"ಅಜ್ಜ, ಕಾಯಿಲೆ ಇದ್ದವರ ಗೆರೆಗಳನ್ನ, ಇಲ್ಲದವರ ಗೆರೆಗಳನ್ನ ಪಕ್ಕಪಕ್ಕ ಇಟ್ಟು ನೋಡ್ತೀವಿ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬರೋಕೆ ಮುಂಚೆನೇ ಏನು ಬದಲಾಗುತ್ತೆ ಅಂತ ಹುಡುಕ್ತಿದ್ದೀವಿ. ಯಾವ ಔಷಧಿ ಯಾರಿಗೆ ನಾಟುತ್ತೆ ಅಂತಾನೂ," ಎಂದಳು.

ನಾನು ಬಗ್ಗಿ ಆ ಗೆರೆಗಳನ್ನು ನೋಡಿದೆ. ನಾವು ಒಂದು ಟ್ಯೂಬಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆವು, ಸಕ್ಕರೆ ಇದೆಯಾ ಇಲ್ಲವಾ ಎಂದು. ಕೇಳದ ಪ್ರಶ್ನೆಗೆ ಟ್ಯೂಬು ಉತ್ತರ ಕೊಡುತ್ತಿರಲಿಲ್ಲ. ಕೇಳದೆಯೂ ಹೇಳುತ್ತಿದ್ದದ್ದು ವಾಸನೆ ಒಂದೇ. ಈ ಯಂತ್ರ ಮೊದಲೇ ಏನನ್ನೂ ಕೇಳದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಪರಮೇಶ್ವರಪ್ಪನವರ ಮೂಗಿಗೆ ಕೊನೆಗೂ ಒಬ್ಬ ವಾರಸುದಾರ ಹುಟ್ಟಿದ ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಸುಜಾತಳ ಮೊದಲ ಮಗು ಹುಟ್ಟಿದಾಗ ಇದು ಇದ್ದಿದ್ದರೆ ಎಂದು ಸಂಕಟವೂ ಆಯಿತು.

ಮಂಗಳಾ ಮದುವೆಯಾಗಿ, ಅವಳಿಗೂ ಮಗುವಾಯಿತು. ಚಿನ್ನಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿ ರೂಪಾಳ ಯಂತ್ರಕ್ಕೆ ಹೋಯಿತು. ಎಲ್ಲ ಗೆರೆಗಳೂ ಇರಬೇಕಾದಲ್ಲಿ ಇದ್ದವು. ಫೋನಿನಲ್ಲಿ ಸುಜಾತಳಿಗೆ ನಾನೇ ಹೇಳಿದೆ.

ಮುಂದಿನ ವಾರ ಅವಳೇ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ನನ್ನ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ತೆಗೆದು, ಅಂಗೈಯಿಂದ ಗಾಳಿ ಎಳೆದುಕೊಂಡು ಮೂಸಿದೆ.

"ಇದು ನಿಜವಾದ ಬೆಲ್ಲನೇ ಅಣ್ಣ, ಹೆದ್ರಬೇಡಿ," ಎಂದು ನಕ್ಕಳು. ನನ್ನ ಹೆಂಡತಿ ದೋಸೆ ತಂದಳು. ಸುಜಾತ ಸೀಸೆ ಬಗ್ಗಿಸಿ, ತಟ್ಟೆಯ ಅಂಚಿನವರೆಗೂ ಜೋನಿಬೆಲ್ಲ ಸುರಿದುಕೊಂಡಳು. ಮೊದಲ ತುತ್ತನ್ನು ಅದರಲ್ಲಿ ಅದ್ದಿ ಎತ್ತಿದಳು.

"ಅವತ್ತು ತಿನ್ನದೇ ತಿಂದ್ಲು ಅನ್ನಿಸ್ಕಂಡೆ," ಎಂದಳು. "ಇವತ್ತು ತಿಂದೇ ಅನ್ನಿಸ್ಕಳ್ತೀನಿ."